ಹಿಡಿಕೆ ಹಿಡಿದ ಕೈ

ಬೆಳಗಿನ ಜಾವ ಜಮಖಂಡಿಯ ಓಣಿಯಲ್ಲಿ ಸದ್ದುಗಳು ಒಂದೊಂದಾಗಿ ಕಣ್ತೆರೆಯುತ್ತವೆ. ಮೊದಲು ಅಂಗಳದ ಕಸಬರಿಗೆ. ಆಮೇಲೆ ನಲ್ಲಿಯಡಿಯ ಕೊಡ. ಆಮೇಲೆ ಹಾಲಿನವನ ಬೈಕು. ಕಬ್ಬಿನ ಹಂಗಾಮಿನಲ್ಲಾದರೆ ಇವೆಲ್ಲಕ್ಕೂ ಮುಂಚೆ, ಎರಡೆರಡು ಟ್ರೇಲರ್ ಎಳೆಯುತ್ತ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಹಾಡು ದೂರದ ರಸ್ತೆಯಿಂದ ತೇಲಿ ಬರುತ್ತದೆ. ಈಚೆಗೆ ಈ ಸದ್ದುಗಳ ನಡುವೆ ಒಂದು ನಿಶ್ಶಬ್ದವೂ ಬಂದು ಸೇರಿದೆ. ಎದುರು ಮನೆಯ ವಿದ್ಯುತ್ ಕಾರು ಹೊರಡುವುದು ಕಣ್ಣಿಗೆ ಕಾಣುತ್ತದೆ; ಕಿವಿಗೆ ಬೀಳುವುದಿಲ್ಲ. ಗಾಲಿಯಡಿ ಹರಳು ನುರಿದ ಸಣ್ಣ ಸಪ್ಪಳ, ಅಷ್ಟೇ. ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತ ನಮ್ಮಲ್ಲಿ ಅದನ್ನು ಕಂಡು ಒಂದು ಆಸೆ ಮೂಡುವುದು ಸಹಜ. ಮೂಡಿದ ಮರುಕ್ಷಣವೇ ಆ ಆಸೆ ಎರಡಾಗಿ ಸೀಳುವುದೂ ಅಷ್ಟೇ ಸಹಜ. ಬಲವುಳ್ಳದ್ದನ್ನು ತರಬೇಕೋ, ಸುಖವುಳ್ಳದ್ದನ್ನು ತರಬೇಕೋ?

ನಮ್ಮ ಮನೆಯಲ್ಲಿಯೂ ಹೀಗೇ ಆಯಿತು. ಓಡಿಸಿ ನೋಡಲೆಂದು ಶೋರೂಮಿನವರು ಒಂದು ಗಾಡಿಯನ್ನು ಮನೆಯ ಬಾಗಿಲಿಗೇ ಕಳಿಸಿದರು. ಸ್ಟಿಯರಿಂಗ್ ಹಿಡಿದವನು ತಮ್ಮ. ಅವನ ಪಕ್ಕದಲ್ಲಿ ಶೋರೂಮಿನ ಹುಡುಗ. ಹಿಂದೆ ಎಡಗಡೆ ಕಿಟಕಿಗೆ ಎಪ್ಪತ್ತೆಂಟರ ಅವ್ವ, ನಡುವೆ ತಮ್ಮನ ಮಗಳು, ಈಚೆ ನಾನು. ಊರು ದಾಟಿ ಮುಧೋಳದ ರಸ್ತೆಗೆ ಬಂದು, ಮುಂದೆ ದಾರಿ ತೆರವಾಗಿ ಕಂಡದ್ದೇ ತಡ, ತಮ್ಮನ ಪಾದ ಒತ್ತಿತು. ಗಾಡಿ ಸದ್ದಿಲ್ಲದೆ ಚಿಮ್ಮಿತು. ನಮ್ಮ ಬೆನ್ನು ಆಸನಕ್ಕೆ ಅಂಟಿತು. ತಮ್ಮನ ಮುಖಕ್ಕೆ ಹದಿನೆಂಟರ ಹರೆಯ ಮರಳಿತು. ಶೋರೂಮಿನ ಹುಡುಗ ಮುಗುಳ್ನಕ್ಕ. ಈ ಮುಖವನ್ನು ಅವನು ದಿನವೂ ನೋಡುತ್ತಾನೆ. ‘ಹೆಂಗೈತಿ ಅವ್ವಾ?’ ಎಂದು ತಮ್ಮ ಕನ್ನಡಿಯೊಳಗಿಂದ ಕೇಳಿದ. ‘ಚೊಲೊ ಐತಪಾ’ ಎಂದಳು ಅವ್ವ. ಆದರೆ ಅವಳ ಎಡಗೈ ಕಿಟಕಿಯ ಮೇಲಿನ ಹಿಡಿಕೆಯನ್ನು ಹಿಡಿದಿತ್ತು. ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ಬಾಯಿ ಮಗನ ಸಂತೋಷಕ್ಕೆ ಉತ್ತರ ಕೊಟ್ಟಿತು. ಕೈ ದಾರಿಗೆ ಉತ್ತರ ಕೊಟ್ಟಿತು.

ಅಂದಿನಿಂದ ಆ ಕೈ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಒಂದೇ ವಾಹನ, ಒಂದೇ ಕ್ಷಣ, ಒಂದೇ ವೇಗ. ಮುಂದೆ ಕುಳಿತವನಿಗೆ ಉಲ್ಲಾಸ. ಹಿಂದೆ ಕುಳಿತವಳಿಗೆ ಉದ್ವೇಗ. ಇದರಲ್ಲಿ ಯಾರ ತಪ್ಪೂ ಇಲ್ಲ. ಓಡಿಸುವವನ ದೇಹಕ್ಕೆ ಬರಲಿರುವ ಚಲನೆ ಮೊದಲೇ ತಿಳಿದಿರುತ್ತದೆ, ಏಕೆಂದರೆ ಅದು ಅವನ ಸಂಕಲ್ಪದಿಂದಲೇ ಹುಟ್ಟುತ್ತದೆ. ಹಿಂದೆ ಕುಳಿತವರಿಗೆ ಅದು ಘಟಿಸಿದ ಮೇಲೆಯೇ ತಿಳಿಯುತ್ತದೆ. ಹಳೆಯ ಗಾಡಿಗಳಲ್ಲಿ ಯಂತ್ರದ ಗರ್ಜನೆಯಾದರೂ ಮುನ್ಸೂಚನೆ ಕೊಡುತ್ತಿತ್ತು. ಗೇರು ಬದಲಾಗುವ ಸದ್ದು ಕೇಳಿ ಮೈ ತಾನಾಗಿ ಸಿದ್ಧವಾಗುತ್ತಿತ್ತು. ಪೆಟ್ರೋಲ್ ಯಂತ್ರ ಬಲವನ್ನು ಕ್ರಮಕ್ರಮವಾಗಿ ಕೂಡಿಸಿಕೊಳ್ಳುತ್ತದೆ. ವಿದ್ಯುತ್ ಮೋಟಾರಿಗೆ ಆ ತಡವಿಲ್ಲ. ನಿಂತಲ್ಲಿಂದಲೇ ತನ್ನ ಪೂರ್ಣ ತಿರುಗುಬಲವನ್ನು ಅದು ನೀಡಬಲ್ಲದು. ಬಲವೂ ಮೌನ, ಆಗಮನವೂ ಮೌನ. ಆದ್ದರಿಂದ ವೇಗದ ಸವಿ ಒಂದು ಪಾದಕ್ಕೆ ದಕ್ಕುತ್ತದೆ. ವೇಗದ ಭಾರ ನಾಲ್ಕು ಮೈಗಳ ಮೇಲೆ ಬೀಳುತ್ತದೆ. ‘ಕುಟುಂಬಕ್ಕೊಂದು ಕಾರು’ ಎಂದು ಹೊರಟ ನಾವು, ಆರಿಸುವಾಗ ಮಾತ್ರ ಆ ಒಂದು ಪಾದದ ಮಾತನ್ನೇ ಕೇಳುತ್ತೇವೆ.

ಹೀಗೇಕೆ ಎಂದು ವಿಚಾರಿಸಿದರೆ ಕಾರಣ ದೂರದಲ್ಲಿಲ್ಲ. ವೇಗಕ್ಕೆ ಅಂಕಿಯಿದೆ. 2024ರ ಆಗಸ್ಟ್‌ನಲ್ಲಿ ಬಂದ ಟಾಟಾ ಕರ್ವ್‌ನ ವಿದ್ಯುತ್ ಮಾದರಿಗೆ ಶೂನ್ಯದಿಂದ ನೂರು ಕಿ.ಮೀ. ವೇಗ ಮುಟ್ಟಲು 8.6 ಸೆಕೆಂಡು ಸಾಕು ಎಂದು ಅದರ ತಯಾರಕರು ಹೇಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅನಾವರಣಗೊಂಡ ಮಹೀಂದ್ರ ಎಕ್ಸ್‌ಇವಿ 9ಇ ತನಗೆ 6.8 ಸೆಕೆಂಡು ಸಾಕೆಂದಿತು. ಇವೆರಡರ ನಡುವೆ ಸೆಪ್ಟೆಂಬರ್‌ನಲ್ಲಿ ಬಂದ ಎಂಜಿ ವಿಂಡ್ಸರ್ ಬೇರೆಯೇ ಒಂದು ಅಂಕಿ ಹಿಡಿದು ನಿಂತಿತು: ಹಿಂದಿನ ಆಸನದ ಬೆನ್ನು 135 ಡಿಗ್ರಿಯವರೆಗೆ ವಾಲುತ್ತದೆ. ಸುಖಕ್ಕೂ ಒಂದು ಅಂಕಿ ಅಂಟಿಸದೆ ಮಾರಲಾಗದು ಎಂಬುದನ್ನು ಅವರೂ ಅರಿತಿದ್ದರು. ಅಂಕಿಯನ್ನು ಕಟ್ಟೆಗೆ ಒಯ್ಯಬಹುದು. ‘ಎಷ್ಟ ಓಡತೈತಿ? ಪಿಕಪ್ ಹೆಂಗೈತಿ?’ ಎಂದು ಕೇಳುವವರು ಅಲ್ಲಿ ಇದ್ದೇ ಇರುತ್ತಾರೆ. ‘ಹಿಂದ ಕುಂತ್ರ ನಿಮ್ಮವ್ವಗ ತೊಡಿ ನೋಯಂಗಿಲ್ಲೇನ?’ ಎಂದು ಕೇಳುವವರು ಅಪರೂಪ. ಸುಖವನ್ನು ಹೇಳಲು ನಮ್ಮಲ್ಲಿ ಪದಗಳೂ ಕಡಿಮೆ. ಒಳ್ಳೆಯ ಆಸನವೆಂದರೆ ನಾವು ಮರೆತುಬಿಡುವ ಆಸನ. ಮರೆತದ್ದನ್ನು ಬಣ್ಣಿಸುವುದು ಹೇಗೆ? ಮೇಷ್ಟರಾಗಿ ಸವೆದ ಅಭ್ಯಾಸದಿಂದ ಒಂದು ಹಾಳೆಯ ಮೇಲೆ ಗೆರೆ ಎಳೆದು ಎರಡೂ ಪಕ್ಷದ ಗುಣಗಳನ್ನು ಬರೆಯಹೊರಟೆ. ವೇಗದ ಕೆಳಗೆ ಆರು ಸಾಲು ತುಂಬಿದವು. ಸುಖದ ಕೆಳಗೆ ‘ಚೊಲೊ ಐತಿ’ ಎಂದು ಬರೆದು ಪೆನ್ನು ನಿಂತಿತು.

ಇನ್ನು ಆ 8.6 ಸೆಕೆಂಡುಗಳನ್ನು ನಮ್ಮ ರಸ್ತೆಯ ಮೇಲೆ ಇಟ್ಟು ನೋಡಬೇಕು. ಜಮಖಂಡಿಯಿಂದ ಬನಹಟ್ಟಿಗೆ ಹೋಗುವಾಗ ಒಂದು ಊರಿನ ಹಂಪು ಮುಗಿಯುವಷ್ಟರಲ್ಲಿ ಇನ್ನೊಂದು ಊರಿನ ಹಂಪು. ನಡುವೆ ಕುರಿಹಿಂಡು, ಟಂಟಂ, ಟಪ್ಪಿನ ಮೇಲೂ ಜನ ಕುಳಿತ ಕ್ರೂಸರು. ಶೂನ್ಯದಿಂದ ನೂರು ಎಂಬುದು ಇಲ್ಲಿ ಕೇವಲ ತಾತ್ತ್ವಿಕ ಸಂಖ್ಯೆ. ತಾಸಿಗೆ 80 ಕಿ.ಮೀ. ವೇಗದಿಂದ 100ಕ್ಕೆ ಏರಿದರೆ ಗಾಳಿಯ ಪ್ರತಿರೋಧ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಬ್ಯಾಟರಿ ಅಷ್ಟು ಬೇಗ ಬರಿದಾಗುತ್ತದೆ. ವಿಜಯಪುರದ ಅರವತ್ತು ಕಿ.ಮೀ. ದಾರಿಯಲ್ಲಿ, ಎಲ್ಲಿಯೂ ನಿಲ್ಲದೆ ಓಡಿದರೂ, ಆ ವೇಗದಿಂದ ಉಳಿಯುವುದು ಒಂಬತ್ತು ನಿಮಿಷ. ಉಳಿದ ಒಂಬತ್ತು ನಿಮಿಷ ಏನಾಗುತ್ತದೆ ಎಂಬುದೂ ನಮಗೆ ಗೊತ್ತಿದೆ. ವಿಜಯಪುರ ಮುಟ್ಟಿದ ಮೇಲೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಅದು ಕರಗುತ್ತದೆ.

ನಮ್ಮ ಹಿರಿಯರಿಗೆ ಈ ತೂಗಾಟ ಇರಲಿಲ್ಲ. ಅವರು ನಮಗಿಂತ ವಿವೇಕಿಗಳಾಗಿದ್ದರೆಂದಲ್ಲ. ಅವರ ಬಳಿ ಎರಡು ಬಂಡಿಗಳಿದ್ದವು. ಜಾತ್ರೆಯ ಶರ್ಯತ್ತಿಗೆ ಒಂದು ಹಗುರ ಬಂಡಿ; ಅದರಲ್ಲಿ ಕುಳಿತುಕೊಳ್ಳುವ ಮಾತೇ ಇಲ್ಲ, ಹಿಡಿದು ನಿಲ್ಲುವುದೇ ಸಾಹಸ. ಸವದತ್ತಿಯ ಎಲ್ಲಮ್ಮನಿಗೆ ಮನೆಮಂದಿಯೆಲ್ಲ ಹೊರಡುವಾಗ ಮೇಲೆ ಹೊದಿಕೆ ಕಟ್ಟಿದ ಕೊಲ್ಲಾರಿ ಬಂಡಿ. ಅದರ ತಳಕ್ಕೆ ಮೊಣಕೈಯುದ್ದ ಹುಲ್ಲು, ಹುಲ್ಲಿನ ಮೇಲೆ ಕೌದಿ, ಕೌದಿಯ ಮೇಲೆ ಮುದುಕರು, ಬಾಣಂತಿಯರು, ರೊಟ್ಟಿಯ ಗಂಟು. ಶರ್ಯತ್ತಿನ ಎತ್ತುಗಳನ್ನು ಯಾರೂ ಕೊಲ್ಲಾರಿಗೆ ಹೂಡುತ್ತಿರಲಿಲ್ಲ. ಕೊಲ್ಲಾರಿಯ ಎತ್ತು ನಿಧಾನವೆಂದು ಯಾರೂ ನಾಚುತ್ತಲೂ ಇರಲಿಲ್ಲ. ಎರಡು ಆಸೆಗಳಿಗೆ ಎರಡು ಬಂಡಿ. ನಮಗೋ ಒಂದೇ ಬಂಡಿಯಲ್ಲಿ ಶರ್ಯತ್ತೂ ಗೆಲ್ಲಬೇಕು, ಎಲ್ಲಮ್ಮನ ಗುಡ್ಡವೂ ಮುಟ್ಟಬೇಕು. ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ. ಅದರಲ್ಲಿ ಎಲ್ಲ ಜನ್ಮದ ಆಸೆಗಳನ್ನೂ ಹೇರುತ್ತೇವೆ. ಕಾರು ಮುಗ್ಗರಿಸುವುದು ಆ ಭಾರಕ್ಕೆ.

ನಮ್ಮ ನಾಡಿಗೆ ವಿದ್ಯುತ್ ಕಾರು ಹೊಸತೇನಲ್ಲ. ಚೇತನ್ ಮೈನಿ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ರೂಪಿಸಿದ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ಎರಡೇ ಬಾಗಿಲು. ಮುಂದೆ ಇಬ್ಬರು ದೊಡ್ಡವರು. ಹಿಂದೆ ಇಬ್ಬರು ಮಕ್ಕಳು, ಅದೂ ಮೈ ಮುದುಡಿಕೊಂಡು. ಸುಖವೂ ಅಷ್ಟಕ್ಕಷ್ಟೇ, ವೇಗವೂ ಅಷ್ಟಕ್ಕಷ್ಟೇ. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಅಲ್ಲಿ ಅದನ್ನು ಪ್ರೀತಿಸಿದವರೂ ಇದ್ದರು, ಗೇಲಿ ಮಾಡಿದವರೂ ಇದ್ದರು. ಆ ಪುಟ್ಟ ಗಾಡಿಯನ್ನು ಕೊಂಡವರು ಸುಖವೋ ವೇಗವೋ ಎಂದು ತೂಗಿರಲಾರರು. ಹೊಗೆಯಿಲ್ಲದೆ ಒಂದು ಗಾಡಿ ಚಲಿಸುತ್ತದೆ ಎಂಬುದೇ ಅವರಿಗೆ ಸಾಕಾಗಿತ್ತು. ಚಲಿಸುವುದು ನಿಶ್ಚಿತವಾದ ಮೇಲೆ ನಮ್ಮ ಆಸೆ ಕವಲೊಡೆಯಿತು. ಅಭಾವದಲ್ಲಿ ಬಯಕೆ ಒಂದೇ ಇರುತ್ತದೆ. ಸಮೃದ್ಧಿಯಲ್ಲಿ ಅದಕ್ಕೆ ಕೊಂಬೆಗಳು ಮೂಡುತ್ತವೆ. ನೆರಳೂ ಕೊಂಬೆಗಳಿಂದಲೇ ಬರುತ್ತದೆ, ಆದ್ದರಿಂದ ದೂರುವಂತಿಲ್ಲ.

ಶೋರೂಮಿನ ತಂಪಿನಲ್ಲಿ ಕುಳಿತಾಗ ಮುಧೋಳದ ಕವಿಯ ನೆನಪಾಯಿತು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ಆಳದಲ್ಲಿ ಅಡಗಿರುತ್ತಾನೆ. ಸುತ್ತಲೂ ತಣ್ಣನೆಯ ಜಲ. ದಂಡೆಯಿಂದ ಭೀಮನ ಆರ್ಭಟ ಕೇಳಿದೊಡನೆ ಆ ತಂಪಿನ ನಡುವೆಯೂ ಅವನ ಮೈಯಲ್ಲಿ ಬೆವರು. ಸಾವಿರ ವರ್ಷದ ಹಿಂದೆ ನಮ್ಮ ನೆರೆಯ ಊರಿನವನೊಬ್ಬ ಇಷ್ಟನ್ನು ಕಂಡಿದ್ದ: ತಂಪು ಹೊರಗಿನಿಂದ ಬರಬಹುದು, ಬೆವರು ಒಳಗಿನಿಂದ ಬರುತ್ತದೆ. ನಮ್ಮ ಭೀಮನ ಹೆಸರು ಮಾಸಿಕ ಕಂತು. ಆ ಅಂಕಿಯನ್ನು ಹುಡುಗ ಮೆಲುದನಿಯಲ್ಲೇ ಹೇಳಿದ. ನಮಗೆ ಮಾತ್ರ ಅದು ಆರ್ಭಟವಾಗಿ ಕೇಳಿಸಿತು. ವಿನೋದ ಹಾಗಿರಲಿ. ಆ ದಿನ ಮುಧೋಳದ ದಾರಿಯಲ್ಲಿ ಕಾರಿನೊಳಗೆ ಇಪ್ಪತ್ನಾಲ್ಕು ಡಿಗ್ರಿಯ ತಂಪಿತ್ತು. ಮನೆಗೆ ಬಂದು ಇಳಿಸಿಕೊಳ್ಳುವಾಗ ಅವ್ವನ ಕೈ ಹಿಡಿದೆ. ಅಂಗೈ ಒದ್ದೆಯಾಗಿತ್ತು.

‘ಬಾಕಿ ಎಲ್ಲಾ ಚೊಲೊ ಐತಿ. ಖರೆ ಮೊಣಕಾಲ ಎದಿಗೆ ಬರ್ತಾವ ನೋಡು’ ಎಂದಳು ಆಮೇಲೆ, ಕಟ್ಟೆಯ ಮೇಲೆ ಕುಳಿತು. ಯಾವ ಪತ್ರಿಕೆಯ ವಿಮರ್ಶೆಗಿಂತಲೂ ನಿಖರವಾದ ಮಾತು ಅದು. ವಿದ್ಯುತ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ ನೆಲದಡಿಯಲ್ಲಿ ಹಾಸಿರುತ್ತದೆ. ಅದರಿಂದ ನೆಲ ಮೇಲೇಳುತ್ತದೆ. ಸೊಬಗಿಗಾಗಿ ಮತ್ತು ಗಾಳಿಯನ್ನು ಸೀಳುವುದಕ್ಕಾಗಿ ಚಾವಣಿ ಹಿಂದಕ್ಕೆ ಇಳಿಜಾರಾದರೆ, ತಲೆಗೆ ತಾಗೀತೆಂದು ಆಸನವನ್ನು ಎತ್ತರಿಸುವಂತಿಲ್ಲ. ಮೇಲೆದ್ದ ನೆಲ, ಎತ್ತರಿಸದ ಆಸನ. ನಡುವೆ ಸಿಕ್ಕಿದ್ದು ಅವ್ವನ ಮೊಣಕಾಲು. ತೊಡೆಗೆ ಆಧಾರ ತಪ್ಪಿ ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಕಾಲು ನೀಡಲು ಜಾಗ ಧಾರಾಳವಾಗಿರುತ್ತದೆ, ಆದರೆ ಕುಳಿತ ಭಂಗಿ ಕುಕ್ಕರಗಾಲಿನದು. ಬ್ಯಾಟರಿಯ ತೂಕವೂ ಮೂರ್ನಾಲ್ಕು ಕ್ವಿಂಟಲ್ ಆದೀತು. ಅದನ್ನು ಹೊರಲು ಸ್ಪ್ರಿಂಗು ಬಿಗಿಯಾಗಬೇಕು. ಬಿಗಿಯಾದರೆ ತಗ್ಗಿನ ಪೆಟ್ಟು ಹಿಂದಿನವರ ಬೆನ್ನಿಗೆ. ಹಾಗೆಂದು ಎಲ್ಲವೂ ನಷ್ಟವಲ್ಲ. ಭಾರ ತಳದಲ್ಲಿರುವುದರಿಂದ ತಿರುವಿನಲ್ಲಿ ಮೈ ಓಲಾಡುವುದು ಕಡಿಮೆ. ನಡುವೆ ಉಬ್ಬಿಲ್ಲದ ಸಪಾಟು ನೆಲದಲ್ಲಿ ಹುಡುಗಿ ಎರಡೂ ಕಾಲು ಊರಿ ರಾಣಿಯಂತೆ ಕುಳಿತಿದ್ದಳು. ಒಂದೇ ಬ್ಯಾಟರಿ ಮೊಮ್ಮಗಳಿಗೆ ಸಿಂಹಾಸನವಾಯಿತು, ಅಜ್ಜಿಗೆ ಮಣೆಯಾಯಿತು.

ಆಸನದ ವಿದ್ಯೆಯನ್ನು ಕೇಳಬೇಕಾದರೆ ಬನಹಟ್ಟಿ, ರಬಕವಿಯ ನೇಕಾರರನ್ನು ಕೇಳಬೇಕು. ಕುಣಿಮಗ್ಗದಲ್ಲಿ ಕಾಲು ಕುಣಿಯೊಳಗೆ ಇಳಿಬಿಟ್ಟು, ಕಾಲಡಿಯ ಹಲಗೆ ತುಳಿಯುತ್ತ, ಲಾಳಿ ಓಡಿಸುತ್ತ ದಿನಗಟ್ಟಲೆ ಕುಳಿತವರು ಅವರು. ಅವರ ಸುತ್ತ ಪವರ್‌ಲೂಮಿನ ಸಪ್ಪಳ ಬೆಳೆದು ಎಷ್ಟೋ ಕಾಲವಾಯಿತು. ಕುಳಿತು ಪಡೆದ ಜ್ಞಾನ ಹಳತಾಗಿಲ್ಲ. ಬನಹಟ್ಟಿಯ ಹಿರಿಯ ನೇಕಾರರೊಬ್ಬರ ಮುಂದೆ ನಮ್ಮ ಕಾರಿನ ಕತೆ ಹೇಳಿದಾಗ ಅವರು ನಕ್ಕರು. ‘ಕುಂತ ಹತ್ತ ಮಿನಿಟಿಗೆ ಎಲ್ಲಾ ಗಾದಿನೂ ಚೊಲೊನ ರೀ ಮಾಸ್ತರ. ಎರಡ ತಾಸ ಆದಮ್ಯಾಲ ಕೇಳ್ರಿ ಅದನ್ನ.’ ಮಾತು ನಾಟಿತು. ಶೋರೂಮಿನ ಸುತ್ತಾಟ ಮುಗಿಯುವುದು ಹತ್ತು ಹದಿನೈದು ನಿಮಿಷದಲ್ಲಿ. ವೇಗ ತನ್ನನ್ನು ತೋರಿಸಿಕೊಳ್ಳಲು ಹತ್ತು ಸೆಕೆಂಡು ಸಾಕು. ಆಸನಕ್ಕೆ ಎರಡು ತಾಸು ಬೇಕು. ಹತ್ತು ನಿಮಿಷದ ಪರೀಕ್ಷೆಯಲ್ಲಿ ವೇಗವೇ ಗೆಲ್ಲುವುದು ಅನ್ಯಾಯವಲ್ಲ, ಅನಿವಾರ್ಯ. ಇನ್ನೊಂದನ್ನೂ ಅವರು ಹೇಳಿದರು. ತೀರ ಮೆತ್ತಗಿನ ಗಾದಿಯ ಮೇಲೆ ಕುಳಿತವನ ಸೊಂಟವೇ ಮೊದಲು ಹೋಗುತ್ತದಂತೆ. ಪತಂಜಲಿಯೂ ಆಸನದ ಲಕ್ಷಣ ಹೇಳುವಾಗ ಸ್ಥೈರ್ಯವನ್ನೂ ಸುಖವನ್ನೂ ಜೊತೆಜೊತೆಗೇ ಇಟ್ಟಿದ್ದಾನೆ. ಮಗ್ಗದ ಮೇಲೂ ಹಾಸಿನ ನೂಲಿಗೆ ಗಂಜಿ ಕೊಟ್ಟು ಬಿಗಿ ಮಾಡುತ್ತಾರೆ. ಆ ಬಿಗಿಯ ನಡುವೆ ಹೊಕ್ಕಿನ ಮೃದು ನೂಲು ಹಾಯ್ದಾಗ ಸೀರೆ.

ಬಲದ ಪಕ್ಷದ ಮಾತನ್ನೂ ಕೇಳದೆ ತೂಗುವುದು ಸಲ್ಲದು. ಅಕ್ಟೋಬರ್ ಕಳೆದು ಕಾರ್ಖಾನೆಗಳ ಹೊಗೆ ಏಳಲು ಮೊದಲಾದರೆ ನಮ್ಮ ಸುತ್ತಲಿನ ತಾಲ್ಲೂಕುಗಳ ರಸ್ತೆ ಕಬ್ಬಿನ ಪಾಲು. ಎರಡು ಟ್ರೇಲರಿನ ಆಚೆಗೂ ಚಾಚಿದ ಸೋಗೆ, ಹಿಂದೆ ದೀಪವಿಲ್ಲ, ಮುಂದೆ ಏನಿದೆಯೋ ಕಾಣದು. ಅದನ್ನು ದಾಟಲು ಎದುರಿನವರ ಪಾಲಿನ ದಾರಿಗೆ ಇಳಿಯಲೇಬೇಕು. ಅಲ್ಲಿ ಕಳೆಯುವ ಒಂದೊಂದು ಸೆಕೆಂಡೂ ಸಾಲ ತಂದದ್ದು. ಬೇಗ ತೀರಿಸುವ ಬಲ ಗಾಡಿಗಿದ್ದರೆ ಅದೂ ಒಂದು ಸುಖವೇ, ಅದೂ ಒಂದು ಅಭಯವೇ. ಇಲ್ಲಿಗೆ ರೈಲು ಇನ್ನೂ ದೂರದ ಮಾತು; ಕುಡಚಿ–ಬಾಗಲಕೋಟೆ ಮಾರ್ಗ ಪೂರ್ಣವಾಗುವುದನ್ನು ಒಂದು ತಲೆಮಾರು ಕಾಯುತ್ತಲೇ ಇದೆ. ಅಪರಾತ್ರಿ ಎದೆನೋವು ಎದ್ದರೆ ಮಿರಜಕ್ಕೋ ವಿಜಯಪುರಕ್ಕೋ ಓಡಬೇಕಾದವರು ನಾವು. ಆಗ ಪಾದಕ್ಕೆ ಉತ್ತರಿಸುವ ಯಂತ್ರ ಬೇಕು, ಒಪ್ಪಿದೆ. ಆದರೆ ಅಂತಹ ಬಲದ ಸ್ವಭಾವ ಎಂಥದ್ದೆಂದು ಮುಧೋಳದ ನಾಯಿಯನ್ನು ನೋಡಿದರೆ ತಿಳಿಯುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಆ ತೆಳ್ಳನೆಯ ಬೇಟೆನಾಯಿ ಓಡಿದರೆ ಕಣ್ಣಿಗೆ ಸಿಗದು. ದಿನದ ಬಹುಪಾಲು ಅದು ಮಾಡುವುದು ಮಾತ್ರ ನಿದ್ದೆ. ಮೈಯಲ್ಲಿ ಮಾಂಸ ಕಡಿಮೆ, ಎಲುಬು ನೆಲಕ್ಕೆ ಒತ್ತುತ್ತದೆ. ಆದ್ದರಿಂದ ಮೆತ್ತಗಿನ ಗೋಣಿಯೋ ಹುಲ್ಲೋ ಕಂಡರೆ ಅದರ ಮೇಲೆಯೇ ಸುರುಳಿ ಸುತ್ತುತ್ತದೆ. ಅದರ ವೇಗವನ್ನು ಯಾರೂ ಅನುಮಾನಿಸಿದ್ದಿಲ್ಲ.

ಎರಡನೆಯ ಗಾಡಿ ಬಂದದ್ದು ಮುಂದಿನ ವಾರ. ಚಾವಣಿ ಸಪಾಟು, ಕಿಟಕಿ ವಿಶಾಲ, ಹಿಂದಿನ ಆಸನ ಒರಗುವಂಥದ್ದು. ಅವ್ವ ಕುಳಿತು, ಒರಗಿ, ‘ಇದರಾಗ ಮಲಕೊಂಡ ಹೋಗಬೌದು’ ಎಂದು ಮಗುವಿನಂತೆ ನಕ್ಕಳು. ಓಡುವ ಗಾಡಿಯಲ್ಲಿ ಅಷ್ಟು ಒರಗಿ ಕುಳಿತರೆ ಸೀಟ್ ಬೆಲ್ಟ್ ಮೈಗೆ ಕೂರುವುದಿಲ್ಲ, ಆ ಸುಖ ನಿಂತಾಗ ಮಾತ್ರ ಎಂದು ತಿಳಿಸಿ ನೆಟ್ಟಗೆ ಕೂರಿಸಿದೆವು. ಬನಹಟ್ಟಿಯ ಕಡೆ ಹೊರಟೆವು. ಈ ಗಾಡಿಯಲ್ಲಿ ಎಲ್ಲವೂ ಸುಖವಾಗಿರಬೇಕಿತ್ತು. ನಾಲ್ಕೈದು ಕಿ.ಮೀ. ಹೋಗಿರಬೇಕು, ನಡುವೆ ಕುಳಿತ ಹುಡುಗಿಯ ಮುಖ ಬಾಡಿತು. ‘ದೊಡ್ಡಪ್ಪಾ, ಹೊಟ್ಟಿ ತೊಳಸಾಕತ್ತೈತಿ.’ ಗಾಡಿ ನಿಂತಿತು. ಕಾರಣ ತಿಳಿಯಲು ಹೊತ್ತು ಹಿಡಿಯಿತು. ವಿದ್ಯುತ್ ಗಾಡಿಯಲ್ಲಿ ಪಾದ ಎತ್ತಿದೊಡನೆ ಮೋಟಾರು ಜನರೇಟರಾಗಿ ತಿರುಗುತ್ತದೆ. ಚಲನೆಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಗಾಡಿ ಬ್ರೇಕಿಲ್ಲದೆಯೇ ತಗ್ಗುತ್ತದೆ. ಮಿತವ್ಯಯದ ಉತ್ಸಾಹದಲ್ಲಿ ತಮ್ಮ ಅದನ್ನು ಅತ್ಯಂತ ಗಡುಸಾದ ಮಟ್ಟದಲ್ಲಿ ಇಟ್ಟಿದ್ದ. ಹೀಗಾಗಿ ಪಾದ ಒತ್ತಿದಾಗ ಒಂದು ತಳ್ಳು, ಎತ್ತಿದಾಗ ಒಂದು ಎಳೆತ. ಎಳೆಯ ಹೊಟ್ಟೆ ಅದನ್ನು ತಡೆಯಲಿಲ್ಲ. ಮಟ್ಟವನ್ನು ಕೆಳಗಿಳಿಸಿ, ಪಾದವನ್ನು ನಿಧಾನವಾಗಿ ಎತ್ತತೊಡಗಿದ ಮೇಲೆ ಹುಡುಗಿಯ ಬಣ್ಣ ಮರಳಿತು. ಅದೇ ಗಾಡಿ, ಅದೇ ಆಸನ.

ಮನಸ್ಸು ಅಲ್ಲಿಂದ ಹಿಂದಕ್ಕೆ ಹರಿಯಿತು. ಮುಧೋಳದ ದಾರಿಯಲ್ಲಿ ಅವ್ವನ ಕೈಯನ್ನು ಹಿಡಿಕೆಗೆ ಏರಿಸಿದ್ದು ಆ ಕಾರಿನ ಬಲವೇ ಆಗಿತ್ತೇ? ಅಥವಾ ಬಲವನ್ನು ಕೈಗೆ ಕೊಟ್ಟೊಡನೆ ಅದನ್ನು ಪೂರ್ತಿ ಬಳಸಿಯೇ ನೋಡಬೇಕೆನ್ನುವ, ನಮ್ಮೆಲ್ಲರಲ್ಲೂ ಇರುವ, ಆ ಬಾಲಸ್ವಭಾವವೇ? ತಮ್ಮನ ಜಾಗದಲ್ಲಿ ನಾನಿದ್ದರೆ ನಾನೂ ಒತ್ತುತ್ತಿದ್ದೆ. ಪ್ರಾಯದಲ್ಲಿ ಬುಲೆಟ್ ಮೇಲೆ ಅವ್ವನನ್ನು ಕೂರಿಸಿಕೊಂಡು ಒತ್ತಿದ್ದೇನೆ ಕೂಡ. ಆಗ ಹಿಡಿಯಲು ಅವಳಿಗೆ ಹಿಡಿಕೆ ಇರಲಿಲ್ಲ, ನನ್ನ ಅಂಗಿ ಇತ್ತು. ‘ಯಾಕಿಷ್ಟ ಅವಸರಾ? ಯಾರರ ಸತ್ತಾರೇನ?’ ಎಂದು ಬೆನ್ನ ಹಿಂದೆ ಬೈಯುತ್ತಿದ್ದಳು. ಈಗ ಬೈಯುವುದನ್ನು ಬಿಟ್ಟಿದ್ದಾಳೆ. ಮಕ್ಕಳು ದೊಡ್ಡವರಾದ ಮೇಲೆ ಹಿರಿಯರ ದೂರುಗಳು ಬಾಯಿಂದ ಕೈಗೆ ಇಳಿಯುತ್ತವೆ. ನೋಡುವವರಿಗೆ ಕಾಣುತ್ತವೆ, ಕೇಳುವವರಿಗೆ ಕೇಳಿಸುವುದಿಲ್ಲ. ಸುಖವೋ ಬಲವೋ ಎಂಬ ನಿರ್ಣಯ ಶೋರೂಮಿನಲ್ಲಿ ಒಮ್ಮೆ ಆಗಿ ಮುಗಿಯುತ್ತದೆ ಎಂದು ನಾವು ನಂಬಿದ್ದೆವು. ಅದು ಪ್ರತಿದಿನ ಬೆಳಿಗ್ಗೆ ಬಲಗಾಲಿನ ಕೆಳಗೆ ಹೊಸದಾಗಿ ಆಗುತ್ತಿತ್ತು.

ಕೊನೆಗೆ ಒಂದು ಗಾಡಿಯನ್ನು ತಂದೆವು. ಯಾವುದನ್ನು ಎಂಬುದು ಇಲ್ಲಿ ಮುಖ್ಯವಲ್ಲ. ಹೇಳಿದರೆ ಕಟ್ಟೆಯ ಚರ್ಚೆ ಮತ್ತೆ ಮೊದಲಿನಿಂದ ಶುರುವಾದೀತು. ಬಂದ ದಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿದ ಮೇಲೆ ಅವ್ವ ಒಳಗೆ ಹೋಗಿ ತನ್ನ ಹಳೆಯ ಕೌದಿಯೊಂದನ್ನು ತಂದಳು. ನಾಲ್ಕು ಮಡಿಕೆ ಮಾಡಿ ಹಿಂದಿನ ಆಸನದ ಎಡ ಮೂಲೆಗೆ ಇಟ್ಟಳು. ಅಂಚನ್ನು ತುಸು ಎತ್ತರಿಸಿ, ತೊಡೆಗೆ ಸಿಗುವಂತೆ. ಕುಳಿತು ನೋಡಿದಳು. ಒಂದು ಮಡಿಕೆ ಬಿಚ್ಚಿದಳು. ಮತ್ತೆ ಕುಳಿತಳು. ಹೊಸ ಗಾಡಿಯ ಬೂದುಬಣ್ಣದ ಒಳಾಂಗಣದಲ್ಲಿ ಹಳೆಯ ಸೀರೆಗಳ ಕೆಂಪು, ಹಸಿರು, ಹಳದಿ ತುಂಡುಗಳ ಆ ಕೌದಿ ಕಂಡು ತಮ್ಮನ ಮುಖ ಸಣ್ಣದಾಯಿತು. ‘ಅಣ್ಣಾ, ನೀನರ ಹೇಳೋ’ ಎಂದ. ನಾನು ಹೇಳಲಿಲ್ಲ. ಆ ಕೌದಿಯಲ್ಲಿ ನಮ್ಮಿಬ್ಬರ ಚಿಕ್ಕಂದಿನ ಅಂಗಿಯ ತುಂಡುಗಳೂ ಇವೆ.

ದೀಪಾವಳಿಯ ಮುಂದಿನ ಭಾನುವಾರ ಬೀಳಗಿಯ ಕಡೆ ಹೋದೆವು. ಅವ್ವನ ತವರು ಆ ತಾಲ್ಲೂಕಿನದು. ಈಗ ಅದು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಊರಿನ ಹೆಸರು ಮಾತ್ರ ಮೇಲೆ, ಪುನರ್ವಸತಿಯ ಫಲಕದಲ್ಲಿದೆ. 519.6 ಮೀಟರ್ ಎಂಬ ಅಂಕಿ ಆ ಭಾಗದಲ್ಲಿ ಓದು ಬಾರದವರಿಗೂ ಗೊತ್ತು. ಜಲಾಶಯದ ನೀರು ಅಲ್ಲಿಯವರೆಗೆ ನಿಲ್ಲುತ್ತದೆ. ಕೌದಿಯ ಮೇಲೆ ಕುಳಿತ ಅವ್ವ ದಾರಿಯುದ್ದಕ್ಕೂ ಹೊಲಗಳ ಹೆಸರು ಹೇಳುತ್ತ ಬಂದಳು. ಕಬ್ಬಿನ ಟ್ರ್ಯಾಕ್ಟರು ಮುಂದೆ ಸಿಕ್ಕಾಗ ತಮ್ಮ ಕಾದ. ದಾರಿ ಕಂಡಾಗ ಒಂದೇ ಉಸಿರಿಗೆ ದಾಟಿದ. ಅವ್ವನ ಕೈ ಅರ್ಧಕ್ಕೆ ಎದ್ದು, ಮತ್ತೆ ಮಡಿಲಿಗೆ ಬಂತು. ಬೀಳಗಿ ದಾಟಿ ಅನಗವಾಡಿ ಸೇತುವೆ ಸಮೀಪಿಸಿತು. ಎರಡೂ ಕಡೆ ತುಂಬಿದ ನೀರು, ಬೆಳಗಿನ ಬಿಸಿಲಿನಲ್ಲಿ ಅಲುಗದೆ ಮಲಗಿತ್ತು.

‘ಒಂದೀಟ ಇಲ್ಲೇ ನಿಲ್ಲಸಪಾ’ ಎಂದಳು.

ಸೇತುವೆಗೆ ಮುಂಚೆ, ರಸ್ತೆಯ ಬದಿಗೆ ತಮ್ಮ ಗಾಡಿಯನ್ನು ಒತ್ತರಿಸಿದ. ಅವ್ವ ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ ಬಹಳ ಹೊತ್ತು ನೀರನ್ನೇ ನೋಡಿದಳು. ಯಾರೂ ಮಾತಾಡಲಿಲ್ಲ. ದೂರದಲ್ಲಿ ಒಂದು ಬೆಳ್ಳಕ್ಕಿ ಎದ್ದು, ಇನ್ನೊಂದು ದಂಡೆಗೆ ಹೋಗಿ ಕುಳಿತಿತು. ಆಮೇಲೆ ಅವಳು ತಮ್ಮನ ಕಡೆ ತಿರುಗಿ ಕೇಳಿದಳು:

‘ಗಾಡಿ ಚಾಲೂ ಐತೇನ, ಬಂದ್ ಮಾಡೀಯೇನ?’

ತಮ್ಮ ಬಗ್ಗಿ ಪರದೆಯನ್ನು ನೋಡಿದ. ನೋಡದೆ ಅವನಿಗೂ ಗೊತ್ತಾಗಲಿಲ್ಲ.